ಗೋಕಾಕದ ಘೇಂಡಾಮೃಗ ಕಂಡ ಬ್ರೂಸ್ ಫೂಟ್

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯಾರನ್ನಾದರೂ ಕೇಳಿ ನೋಡಿ. ಭಾರತದ ಪ್ರಾಗಿತಿಹಾಸದ ಪಿತಾಮಹ ಯಾರು? ರಾಬರ್ಟ್ ಬ್ರೂಸ್ ಫೂಟ್. ಯಾವ ವರ್ಷ? 1863. ಎಲ್ಲಿ? ಪಲ್ಲಾವರಂ. ಏನು ಸಿಕ್ಕಿತು? ಕೈಕೊಡಲಿ. ನಾಲ್ಕೂ ಉತ್ತರ ನಾಲ್ಕು ಸೆಕೆಂಡಿನಲ್ಲಿ ಬರುತ್ತವೆ. ಅಲ್ಲಿಗೆ ಫೂಟ್ ಅವರ ಕಥೆ ಮುಗಿಯುತ್ತದೆ, ಮುಂದಿನ ಪ್ರಶ್ನೆ ಹರಪ್ಪದ ಮೇಲೆ.

ನನಗೂ ಅಷ್ಟೇ ಗೊತ್ತಿತ್ತು. ಎಂಜಿನಿಯರಿಂಗ್ ಜಿಯಾಲಜಿ ಓದುವಾಗ ಧಾರವಾಡ ಶಿಲೆಗಳು ಎಂಬ ಪಾಠ ಬಂತು. ನಮ್ಮ ರಾಜ್ಯದ ಊರಿನ ಹೆಸರು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಿಗೆ ಹೇಗೆ ಹೋಯಿತು ಎಂದು ಹುಡುಕಿದರೆ ಸಿಕ್ಕಿದ್ದು ಅದೇ ಹೆಸರು, ಬ್ರೂಸ್ ಫೂಟ್. ಕಲಾದಗಿ ಶಿಲೆಗಳಿಗೆ ಹೆಸರಿಟ್ಟವರು ಯಾರೆಂದು ನೋಡಿದರೆ ಅಲ್ಲಿಯೂ ಫೂಟ್. ಇನ್ನೂ ಸ್ವಲ್ಪ ಹುಡುಕಿದಾಗ ನಾನು ಎಂದೂ ಕೇಳಿರದ ಒಂದು ಪ್ರಾಣಿ ಎದುರಾಯಿತು: ರೈನೋಸರಸ್ ಡೆಕ್ಕನೆನ್ಸಿಸ್, ಅಂದರೆ ದಖ್ಖನ್ನಿನ ಘೇಂಡಾಮೃಗ. ಸಿಕ್ಕ ಜಾಗ ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿ. ಅದನ್ನು ಲೋಕಕ್ಕೆ ತಿಳಿಸಿದವರೂ ಇದೇ ಫೂಟ್.

ಘೇಂಡಾಮೃಗ ಎಂದರೆ ನಮಗೆ ಅಸ್ಸಾಮಿನ ಕಾಜಿರಂಗ ನೆನಪಾಗುತ್ತದೆ, ಇಲ್ಲವೇ ನಮ್ಮ ಮೈಸೂರಿನ ಮೃಗಾಲಯ. ಘಟಪ್ರಭೆಯ ದಂಡೆಯಲ್ಲಿ ಅದು ಓಡಾಡಿಕೊಂಡಿತ್ತು ಎಂದರೆ ನಂಬುವುದು ಕಷ್ಟ. ಅದನ್ನು ನಂಬುವಂತೆ ಮಾಡಿದ ಮನುಷ್ಯನ ಬದುಕು ನಾಲ್ಕು ಉತ್ತರಗಳಿಗಿಂತ ದೊಡ್ಡದು.

ಫೂಟ್ ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರಲ್ಲಿ, 24ನೇ ವಯಸ್ಸಿನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಕೆಲಸಕ್ಕೆ ಸೇರಿದರು. ಆ ಸಂಸ್ಥೆ ಆರಂಭವಾಗಿ ಆಗ ಏಳೇ ವರ್ಷ ಆಗಿತ್ತು. ಅದನ್ನು ಕಟ್ಟಿದ ಉದ್ದೇಶ ಪುರಾತನ ಪ್ರಾಣಿಗಳನ್ನು ಹುಡುಕುವುದಲ್ಲ, ಕಲ್ಲಿದ್ದಲು ಹುಡುಕುವುದು. ಎಲ್ಲಿ ಯಾವ ಬಂಡೆ ಇದೆ, ಯಾವ ಬಂಡೆಯಲ್ಲಿ ಯಾವ ಖನಿಜ ಇದೆ ಎಂದು ನಕ್ಷೆ ಬರೆದು ಸರ್ಕಾರಕ್ಕೆ ಕೊಡುವುದು ಫೂಟ್ ಅವರ ನೌಕರಿ. ಅವರ ಪಾಲಿಗೆ ಬಂದದ್ದು ದಕ್ಷಿಣ ಭಾರತ. ಕುದುರೆ, ಡೇರೆ, ಸುತ್ತಿಗೆ, ಟಿಪ್ಪಣಿ ಪುಸ್ತಕ, ವರ್ಷದಲ್ಲಿ ಹಲವು ತಿಂಗಳು ಊರೂರು ಅಲೆದಾಟ. 33 ವರ್ಷ ಅವರು ಮಾಡಿದ್ದು ಇದನ್ನೇ.

1863ರ ಮೇ 30ರಂದು ಮದ್ರಾಸಿನ ಹೊರವಲಯದ ಪಲ್ಲಾವರಂನಲ್ಲಿ ಒಂದು ಚಿಕ್ಕ ಜಲ್ಲಿ ಗುಂಡಿಯನ್ನು ನೋಡುತ್ತಿದ್ದಾಗ ಅವರ ಕಣ್ಣಿಗೆ ಆ ಕಲ್ಲು ಬಿತ್ತು. ಅಲ್ಲಿ ಕಲ್ಲುಗಳು ಬೇಕಾದಷ್ಟಿದ್ದವು. ಈ ಒಂದು ಕಲ್ಲಿನ ಅಂಚು ಮಾತ್ರ ತಾನಾಗಿ ಒಡೆದ ಹಾಗೆ ಇರಲಿಲ್ಲ. ಯಾರೋ ಬೇಕೆಂದು ಎರಡೂ ಕಡೆಯಿಂದ ಚಕ್ಕೆ ಎಬ್ಬಿಸಿ ಚೂಪು ಮಾಡಿದಂತಿತ್ತು. ಕೆಲವೇ ವರ್ಷಗಳ ಹಿಂದೆ, 1859ರಲ್ಲಿ, ಫ್ರಾನ್ಸಿನ ನದಿ ಜಲ್ಲಿಯಲ್ಲಿ ಸಿಕ್ಕ ಇಂಥ ಕಲ್ಲುಗಳು ಮನುಷ್ಯ ಮಾಡಿದವೇ ಎಂದು ಯುರೋಪಿನ ವಿದ್ವಾಂಸರು ಒಪ್ಪಿಕೊಂಡಿದ್ದರು. ಆ ಸುದ್ದಿಯನ್ನು ಓದಿಕೊಂಡಿದ್ದ 28ರ ಯುವಕನಿಗೆ ತನ್ನ ಕೈಯಲ್ಲಿರುವುದು ಏನೆಂದು ಹೊಳೆಯಿತು. ಅದೇ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಜತೆ ಅತ್ತಿರಂಪಾಕ್ಕಂಗೆ ಹೋದಾಗ ಅಲ್ಲಿಯೂ ಅಂಥವೇ ಕಲ್ಲಿನ ಆಯುಧಗಳು ಸಿಕ್ಕವು. ಭಾರತದಲ್ಲಿ ಮನುಷ್ಯನ ಇತಿಹಾಸ ರಾಜರಿಂದ, ಶಾಸನಗಳಿಂದ ಶುರುವಾಗುವುದಿಲ್ಲ, ಅದಕ್ಕಿಂತ ಬಹಳ ಹಿಂದೆ ಶುರುವಾಗುತ್ತದೆ ಎಂಬುದು ಅಲ್ಲಿಗೆ ಖಚಿತವಾಯಿತು.

ಪರೀಕ್ಷೆಯ ಗೈಡು ಇಲ್ಲಿಗೆ ನಿಲ್ಲುತ್ತದೆ. ಫೂಟ್ ನಿಲ್ಲಲಿಲ್ಲ. ಆಗ ದಕ್ಷಿಣ ಮರಾಠಾ ಸೀಮೆ ಎಂದು ಕರೆಯುತ್ತಿದ್ದ ಪ್ರದೇಶದ ಸರ್ವೆಗಾಗಿ ಅವರು ನಮ್ಮ ಉತ್ತರ ಕರ್ನಾಟಕಕ್ಕೆ ಬಂದರು. ಬೆಳಗಾವಿ, ಧಾರವಾಡ, ಕಲಾದಗಿಯ ಬೆಟ್ಟ, ಹಳ್ಳ, ನದಿಗಳನ್ನೆಲ್ಲ ಸುತ್ತಿದರು. ಗೋಕಾಕ ಜಲಪಾತ ಧುಮುಕುವ ಆ ಗಟ್ಟಿ ಬಂಡೆಗಳು ಕಲಾದಗಿ ಶಿಲೆಗಳೇ. ಆ ಸೀಮೆಯ ಭೂರಚನೆಯ ಕುರಿತ ಅವರ ದೊಡ್ಡ ವರದಿ 1876ರಲ್ಲಿ ಪ್ರಕಟವಾಯಿತು. ಅದಕ್ಕೂ ಎರಡು ವರ್ಷ ಮೊದಲು, 1874ರಲ್ಲಿ, ಸರ್ವೇಕ್ಷಣೆಯ ಪಳೆಯುಳಿಕೆಗಳ ಮಾಲಿಕೆಯಲ್ಲಿ ಅವರದೊಂದು ಚಿಕ್ಕ ಪ್ರಬಂಧ ಬಂದಿತ್ತು. ಅದರ ವಿಷಯವೇ ದಖ್ಖನ್ನಿನ ಘೇಂಡಾಮೃಗ.

ಗೋಕಾಕದ ಹತ್ತಿರ, ಫೂಟ್ ತಮ್ಮ ಬರಹದಲ್ಲಿ ಚಿಕ್‌ದೌಲಿ ಎಂದು ಕರೆದ ಹಳ್ಳಿಯ ಬಳಿ, ನೀರು ತಂದು ಕೂಡಿಹಾಕಿದ ಹಳೆಯ ಮಣ್ಣಿನ ಪದರದಲ್ಲಿ ಆ ಮೂಳೆಗಳಿದ್ದವು. ಇಡೀ ಅಸ್ಥಿಪಂಜರವೇನೂ ಅಲ್ಲ. ತಲೆಬುರುಡೆ ಮತ್ತು ದವಡೆಯ ತುಂಡುಗಳು, ಹಲ್ಲುಗಳು, ಅಷ್ಟೇ. ಅಷ್ಟರಿಂದ ಪ್ರಾಣಿ ಯಾವುದೆಂದು ಹೇಳುವುದು ಹೇಗೆ?

ಹೇಳಬಹುದು, ಏಕೆಂದರೆ ದೇಹದಲ್ಲಿ ಹಲ್ಲಿನ ಎನಾಮೆಲ್‌ಗಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ಮೂಳೆ ಪುಡಿಯಾದರೂ ಹಲ್ಲು ಉಳಿಯುತ್ತದೆ. ಅಲ್ಲದೆ ಪ್ರತಿ ಪ್ರಾಣಿಗೂ ತನ್ನದೇ ಹಲ್ಲಿನ ವಿನ್ಯಾಸ ಇರುತ್ತದೆ. ಘೇಂಡಾಮೃಗದ ಮೇಲ್ದವಡೆಯ ಹಲ್ಲನ್ನು ಕೆಳಗಿನಿಂದ ನೋಡಿದರೆ ಅದರ ಏಣುಗಳು ನಾವು ಗಣಿತದಲ್ಲಿ ಬಳಸುವ ಪೈ ಚಿಹ್ನೆಯ ಹಾಗೆ ಕಾಣುತ್ತವೆ. ಹಸುವಿನದು ಬೇರೆ, ಕುದುರೆಯದು ಬೇರೆ, ಆನೆಯದಂತೂ ಪೂರ್ತಿ ಬೇರೆ. ಹಲ್ಲು ಎಷ್ಟು ಎತ್ತರವಾಗಿದೆ, ಹೇಗೆ ಸವೆದಿದೆ ಎಂಬುದನ್ನು ನೋಡಿದರೆ ಆ ಪ್ರಾಣಿ ಗರಿಕೆ ಮೇಯುತ್ತಿತ್ತೋ, ಎಲೆ ತಿನ್ನುತ್ತಿತ್ತೋ ಎಂಬ ಅಂದಾಜೂ ಸಿಗುತ್ತದೆ. ಫೂಟ್ ಆ ಹಲ್ಲುಗಳನ್ನು ಆಗ ಗೊತ್ತಿದ್ದ ಬೇರೆ ಘೇಂಡಾಮೃಗಗಳ ಹಲ್ಲುಗಳೊಂದಿಗೆ ಹೋಲಿಸಿ, ಇದು ಬೇರೆಯದೇ ಜಾತಿ ಎಂದು ತೀರ್ಮಾನಿಸಿ ದಖ್ಖನ್ನಿನ ಹೆಸರನ್ನೇ ಇಟ್ಟರು.

ಒಂದು ಪ್ರಾಣಿಯ ಹಿಂದೆ ಒಂದು ಇಡೀ ಪರಿಸರ ಇರುತ್ತದೆ. ಅಷ್ಟು ದೊಡ್ಡ ಸಸ್ಯಾಹಾರಿಗೆ ದಿನವೂ ರಾಶಿ ಹಸಿರು ಬೇಕು, ಹತ್ತಿರದಲ್ಲೇ ನೀರು ಬೇಕು. ಇಂದಿನ ಘೇಂಡಾಮೃಗಗಳು ಕೆಸರಿನಲ್ಲಿ ಹೊರಳಾಡುವುದನ್ನು ಎಲ್ಲರೂ ಚಿತ್ರಗಳಲ್ಲಿ ನೋಡಿದ್ದೇವೆ. ಗೋಕಾಕದಿಂದ ಪೂರ್ವಕ್ಕೆ ಹೋದಂತೆ ಇಂದು ಮಳೆ ಕಡಿಮೆಯಾಗುವ ಬಯಲುಸೀಮೆ. ಅಲ್ಲಿ ಈ ಪ್ರಾಣಿ ಬದುಕಿತ್ತು ಎಂದರೆ ಒಂದು ಕಾಲದಲ್ಲಿ ಘಟಪ್ರಭೆಯ ದಡದಲ್ಲಿ ಹುಲ್ಲು, ಜೌಗು, ಪೊದೆ ಎಲ್ಲ ಇದ್ದಿರಬೇಕು. ಆ ಕಾಲವನ್ನು ಭೂವಿಜ್ಞಾನಿಗಳು ಪ್ಲೀಸ್ಟೋಸೀನ್ ಎನ್ನುತ್ತಾರೆ. ಸುಮಾರು 26 ಲಕ್ಷ ವರ್ಷಗಳ ಹಿಂದೆ ಶುರುವಾಗಿ 11,700 ವರ್ಷಗಳ ಹಿಂದೆ ಮುಗಿದ ಯುಗ ಅದು. ಕೈಕೊಡಲಿ ಮಾಡಿದ ಮನುಷ್ಯ ಬದುಕಿದ್ದೂ ಆ ಯುಗದಲ್ಲೇ. ಮಲಪ್ರಭೆಯ ದಂಡೆಯಲ್ಲಿ ಫೂಟ್ ಅಂಥ ಆಯುಧಗಳನ್ನೂ ಹೆಕ್ಕಿದ್ದರು. ಡೈನೊಸಾರ್‌ಗಳ ಬಗ್ಗೆ ನಮಗೆ ಸಿನಿಮಾಗಳಿಂದ ಎಷ್ಟೋ ಗೊತ್ತು. ಆದರೆ ಇವು ಅವಕ್ಕಿಂತ ಬಹಳ ಈಚಿನವು, ನಮ್ಮ ಪೂರ್ವಜರು ಕಣ್ಣಾರೆ ನೋಡಿರಬಹುದಾದ ಪ್ರಾಣಿಗಳು. ಅವುಗಳ ಹೆಸರೇ ನಮಗೆ ಗೊತ್ತಿಲ್ಲ.

ಇದಾದ ಮೇಲೆ ಫೂಟ್ ಅವರನ್ನು ಮೂಳೆಗಳು ಮತ್ತೊಮ್ಮೆ ಕರೆದವು. ಇಂದಿನ ಆಂಧ್ರಪ್ರದೇಶದ ಕರ್ನೂಲು ಸೀಮೆಯ ಬಿಲ್ಲ ಸುರ್ಗಂ ಎಂಬ ಸುಣ್ಣಕಲ್ಲಿನ ಗುಹೆಗಳಲ್ಲಿ ಪಳೆಯುಳಿಕೆಗಳಿವೆ ಎಂದು ನ್ಯೂಬೋಲ್ಡ್ ಎಂಬ ಸೇನಾಧಿಕಾರಿ 1844ರಷ್ಟು ಹಿಂದೆಯೇ ಬರೆದಿದ್ದರು. ನಲವತ್ತು ವರ್ಷಗಳ ನಂತರ ಅಲ್ಲಿ ಅಗೆಯುವ ಕೆಲಸ ಫೂಟ್ ಅವರಿಗೆ ಬಂತು. ಮುಂದೆ ಅದನ್ನು ಸೈನ್ಯದಲ್ಲಿದ್ದ ಅವರ ಮಗ ಹೆನ್ರಿ ಮುಂದುವರಿಸಿದರು. ಅಲ್ಲಿ ಸಿಕ್ಕ ಮೂಳೆಗಳನ್ನು ರಿಚರ್ಡ್ ಲಿಡೆಕರ್ ಎಂಬ ತಜ್ಞರು ಪರಿಶೀಲಿಸಿ 1886ರಲ್ಲಿ ಪಟ್ಟಿ ಕೊಟ್ಟರು. ಆ ಪಟ್ಟಿಯಲ್ಲಿ ಕರ್ನೂಲಿನ ಹೆಸರಿನದೇ ಇನ್ನೊಂದು ಘೇಂಡಾಮೃಗವಿತ್ತು. ಚುಕ್ಕೆ ಕತ್ತೆಕಿರುಬ, ದೈತ್ಯ ಚಿಪ್ಪುಹಂದಿ, ಬಬೂನ್ ಬಳಗದ ಕೋತಿಯಂಥ ಇಂದು ಮುಖ್ಯವಾಗಿ ಆಫ್ರಿಕಾದಲ್ಲಿ ಕಾಣುವ ಪ್ರಾಣಿಗಳ ಹೆಸರುಗಳೂ ಇದ್ದವು. ಆ ಗುರುತಿಸುವಿಕೆಗಳನ್ನು ನಂತರದವರು ಮತ್ತೆ ಪರೀಕ್ಷೆಗೆ ಒಡ್ಡಿದರು. ಅದೇ ಗುಹೆಗಳನ್ನು ಹೊಸ ವಿಧಾನಗಳಿಂದ ಅಧ್ಯಯನ ಮಾಡಿದ ವಿಜ್ಞಾನಿಗಳ ತಂಡವೊಂದು 2014ರಲ್ಲಿ ಹೇಳಿದ ವಿಷಯ ಇನ್ನೂ ಆಶ್ಚರ್ಯದ್ದು. ಕಳೆದ 2 ಲಕ್ಷ ವರ್ಷಗಳಲ್ಲಿ ಬೇರೆ ಖಂಡಗಳಲ್ಲಿ ದೊಡ್ಡ ದೊಡ್ಡ ಪ್ರಾಣಿಗಳು ಸಾಲು ಸಾಲಾಗಿ ಅಳಿದುಹೋದವು. ಇಲ್ಲಿ ಮಾತ್ರ ಆ ಗುಹೆಗಳಲ್ಲಿ ಗುರುತಿಸಿದ ಸಸ್ತನಿಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಉಪಖಂಡದಲ್ಲಿ ಇಂದಿನವರೆಗೂ ಉಳಿದುಕೊಂಡು ಬಂದಿವೆ. ನಮ್ಮ ಕಾಡುಗಳು ಎಂಥ ಬರ, ಬದಲಾವಣೆಗಳನ್ನು ತಾಳಿಕೊಂಡಿವೆ ಎಂಬುದಕ್ಕೆ ಆ ಮೂಳೆಗಳೇ ಸಾಕ್ಷಿ.

ಇಷ್ಟೆಲ್ಲದರ ನಡುವೆ ಸಂಬಳ ಕೊಡುವ ಕೆಲಸ ನಿಲ್ಲಲಿಲ್ಲ. ಫೂಟ್ ಮೈಸೂರು ಸಂಸ್ಥಾನದ ಚಿನ್ನದ ಸೀಮೆಯನ್ನು ಸುತ್ತಿ 1882ರಲ್ಲಿ ಟಿಪ್ಪಣಿ ಪ್ರಕಟಿಸಿದರು. ಚಿನ್ನ ಇರುವ ಬಂಡೆಗಳ ಪಟ್ಟಿಗಳು ಧಾರವಾಡದಿಂದ ದಕ್ಷಿಣಕ್ಕೆ ಹೇಗೆ ಹರಡಿವೆ ಎಂದು ಗುರುತಿಸಿ, ಸುತ್ತಲಿನ ಗ್ರಾನೈಟ್‌ನಿಂದ ಅವುಗಳನ್ನು ಬೇರ್ಪಡಿಸಿ, ಧಾರವಾಡ ಶಿಲಾಸಮೂಹ ಎಂಬ ಹೆಸರು ಕೊಟ್ಟರು. ಬಳ್ಳಾರಿ ಜಿಲ್ಲೆಯ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ಸಂಡೂರು ಬೆಟ್ಟಗಳ ಕಬ್ಬಿಣದ ಅದಿರಿನ ಸಂಪತ್ತನ್ನು ದಾಖಲಿಸಿದರು. ನೂರು ವರ್ಷಗಳ ನಂತರ ಅದೇ ಅದಿರಿಗಾಗಿ ಏನೇನಾಯಿತು ಎಂಬುದನ್ನು ನಮ್ಮ ತಲೆಮಾರು ಪತ್ರಿಕೆಗಳಲ್ಲಿ ಓದಿದೆ.

ಬಳ್ಳಾರಿಯಲ್ಲಿ ಅವರ ಗಮನ ಸೆಳೆದದ್ದು ಅದಿರು ಮಾತ್ರವಲ್ಲ. ಊರ ಹೊರಗಿನ ಸಂಗನಕಲ್ಲು, ಕುಪಗಲ್ಲು ಬೆಟ್ಟಗಳ ಮೇಲೆ ಕಲ್ಲಿನ ಕೊಡಲಿಗಳು ಬಿದ್ದಿವೆ ಎಂಬುದನ್ನು ಮೊದಲು ಗಮನಿಸಿದವರು ಅಲ್ಲಿನ ಜಿಲ್ಲಾ ಎಂಜಿನಿಯರ್ ಒಬ್ಬರು. ಎಂಜಿನಿಯರ್ ಆಗಲಿರುವ ನನಗೆ ಇದನ್ನು ಓದಿ ಒಳಗೊಳಗೇ ಖುಷಿಯಾಯಿತು. ಫೂಟ್ ಆ ಜಾಗವನ್ನು ಕೂಲಂಕಷವಾಗಿ ನೋಡಿದರು. ಅರ್ಧ ಮಾಡಿ ಬಿಟ್ಟ ಕೊಡಲಿಗಳು, ಎಬ್ಬಿಸಿದ ಚಕ್ಕೆಗಳ ರಾಶಿಗಳು, ಕಲ್ಲನ್ನು ಉಜ್ಜಿ ನಯ ಮಾಡಿದ ಗುಳಿಗಳು ಎಲ್ಲವೂ ಅಲ್ಲಿದ್ದವು. ಅದು ಒಂದು ಕಾರ್ಖಾನೆ ಎಂದು ಅವರು ಅರ್ಥಮಾಡಿಕೊಂಡರು. ಬೆಟ್ಟದ ಕಪ್ಪು ಡಾಲರೈಟ್ ಕಲ್ಲಿನಿಂದ ನವಶಿಲಾಯುಗದ ಜನ ಅಲ್ಲಿ ಕೊಡಲಿ ತಯಾರಿಸುತ್ತಿದ್ದರು.

ಅದೇ ಸೀಮೆಯಲ್ಲಿ ಊರುಗಳ ಬದಿಗೆ ದೊಡ್ಡ ಬೂದಿ ದಿಬ್ಬಗಳಿವೆ. ಹಂಪಿಯ ಬಳಿಯ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಬೂದಿ ಎಂದು ಜನ ನಂಬುತ್ತಾರೆ. ಬ್ರಿಟಿಷ್ ಅಧಿಕಾರಿಗಳು ತಮಗೆ ತೋಚಿದ ವಿವರಣೆ ಕೊಟ್ಟಿದ್ದರು. ಫೂಟ್ ಹೇಳಿದ್ದು ಬಹಳ ಸರಳ: ಇದು ಸುಟ್ಟ ಸಗಣಿ, ದನ ಸಾಕಿದ ಪ್ರಾಚೀನ ಜನ ಬಿಟ್ಟುಹೋದದ್ದು. 1957ರಲ್ಲಿ ಆಲ್ಚಿನ್ ಎಂಬ ಪುರಾತತ್ವಜ್ಞ ಉತ್ನೂರಿನ ಬೂದಿ ದಿಬ್ಬವನ್ನು ಅಗೆದಾಗ ಅದು ದನದ ದೊಡ್ಡಿಯಾಗಿತ್ತೆಂಬುದು ಗೊತ್ತಾಯಿತು. ದನಗಳ ಗೊರಸಿನ ಗುರುತುಗಳೂ ಅಲ್ಲಿ ಉಳಿದಿದ್ದವು. ಪ್ರಾಣಿ ಬಿಟ್ಟುಹೋಗುವ ಸಾಕ್ಷ್ಯ ಮೂಳೆಯೇ ಆಗಬೇಕಿಲ್ಲ. ಸಗಣಿಯ ಬೂದಿ, ಒಂದು ಹೆಜ್ಜೆ ಗುರುತು ಸಾಕು, ಓದಬಲ್ಲವರಿದ್ದರೆ.

1891ರಲ್ಲಿ ಸರ್ವೇಕ್ಷಣೆಯಿಂದ ನಿವೃತ್ತರಾದ ಫೂಟ್ ಮನೆಯಲ್ಲಿ ಕೂರಲಿಲ್ಲ. ಬರೋಡ ಸಂಸ್ಥಾನದ ಭೂವಿಜ್ಞಾನಿಯಾಗಿ ಗುಜರಾತಿನಲ್ಲಿ ಸುತ್ತಿದರು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1894ರಲ್ಲಿ, ನಮ್ಮ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆಯನ್ನು ಆರಂಭಿಸಿದಾಗ ಅದರ ಮೊದಲ ಮುಖ್ಯಸ್ಥರಾಗಿ ಬಂದರು. ಇಂದಿನ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಬೇರು ಅಲ್ಲಿದೆ. ಆಗ ಅವರಿಗೆ ಅರವತ್ತರ ಆಸುಪಾಸು. ಮೈಸೂರಿನಿಂದ ಬಸ್ಸಿನಲ್ಲಿ ಒಂದು ಗಂಟೆಯೊಳಗೆ ಸಿಗುವ ತಿ. ನರಸೀಪುರದ ಹೆಸರೂ ಅವರ ಸಂಗ್ರಹದ ಪಟ್ಟಿಯಲ್ಲಿದೆ. 1960ರ ದಶಕದಲ್ಲಿ ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ಅಲ್ಲಿ ಉತ್ಖನನ ನಡೆದು ನವಶಿಲಾಯುಗದ ಜನವಸತಿ ಬೆಳಕಿಗೆ ಬಂತು. ಕುಂಭಮೇಳಕ್ಕೆ ಸಂಗಮಕ್ಕೆ ಹೋಗುವ ನಾವು ಎಷ್ಟು ಹಳೆಯ ನೆಲದ ಮೇಲೆ ನಡೆಯುತ್ತೇವೆ ಎಂಬುದು ನಮಗೆ ತಿಳಿದೇ ಇರುವುದಿಲ್ಲ.

ಫೂಟ್ ಹೇಳಿದ್ದೆಲ್ಲ ಸರಿಯಾಗಿತ್ತೇ? ಇಲ್ಲ. ಹಳೆಶಿಲಾಯುಗದ ಮನುಷ್ಯ ಮಾಯವಾಗಿ, ಬಹಳ ಕಾಲ ಯಾರೂ ಇಲ್ಲದೆ, ಆಮೇಲೆ ನವಶಿಲಾಯುಗದವರು ಬಂದರು ಎಂದು ಅವರು ಭಾವಿಸಿದ್ದರು. ಗುಜರಾತಿನ ಸಾಬರಮತಿ ದಂಡೆಯಲ್ಲಿ ಎರಡು ಯುಗಗಳ ಕುರುಹುಗಳ ನಡುವೆ ದಪ್ಪನೆಯ ಮಣ್ಣಿನ ಪದರ ಕಂಡದ್ದು ಇದಕ್ಕೆ ಕಾರಣ. ಸುಮಾರು ಐವತ್ತು ವರ್ಷಗಳ ನಂತರ ಎಚ್.ಡಿ. ಸಂಕಾಲಿಯಾ ಅವರು ಫೂಟ್ ಓಡಾಡಿದ ಅದೇ ಗುಜರಾತಿನಲ್ಲಿ ಲಾಂಘನಾಜ್ ಎಂಬಲ್ಲಿ ಅಗೆದು, ನಡುವಿನ ಕಾಲದ ಬೇಟೆಗಾರರನ್ನು ಹೊರತೆಗೆದರು. ಖಾಲಿ ಜಾಗ ಖಾಲಿಯಾಗಿರಲಿಲ್ಲ. ವಿಶೇಷವೆಂದರೆ ಅಲ್ಲಿ ಸಿಕ್ಕ ವಸ್ತುಗಳಲ್ಲಿ ಒಂದು ಘೇಂಡಾಮೃಗದ ಹೆಗಲ ಮೂಳೆ. ಅದನ್ನು ಆ ಜನ ಅಡಿಗಲ್ಲಿನಂತೆ ಬಳಸಿದ ಗುರುತುಗಳಿದ್ದವು. ಫೂಟ್ ಅವರ ಪ್ರಾಣಿಯ ಬಳಗದ್ದೇ ಒಂದು ಮೂಳೆ ಫೂಟ್ ಅವರ ತಪ್ಪನ್ನು ತಿದ್ದಿದ ಜಾಗದಲ್ಲೇ ಸಿಕ್ಕಿತು. ತಪ್ಪನ್ನು ತಿದ್ದಲು ಸಾಧ್ಯವಾದದ್ದು ಅವರು ಎಲ್ಲಿ, ಯಾವ ಪದರದಲ್ಲಿ, ಏನು ಸಿಕ್ಕಿತು ಎಂದು ಬರೆದಿಟ್ಟದ್ದರಿಂದ.

ಇನ್ನೊಂದು ವಿಷಯದಲ್ಲಿ ಅವರು ಏನೂ ಮಾಡುವಂತಿರಲಿಲ್ಲ. ತಮಗೆ ಸಿಕ್ಕ ಆಯುಧಗಳು ಎಷ್ಟು ವರ್ಷ ಹಳೆಯವು ಎಂದು ಅಳೆಯುವ ಸಾಧನ ಆ ಕಾಲದಲ್ಲಿ ಇರಲೇ ಇಲ್ಲ. ಅದಕ್ಕೂ ಮುಂದೆ ಹಲ್ಲುಗಳೇ ನೆರವಾದವು. ನೆಲದಲ್ಲಿ ಹೂತ ಹಲ್ಲಿನ ಎನಾಮೆಲ್ ಸುತ್ತಲಿನ ಮಣ್ಣಿನ ವಿಕಿರಣಕ್ಕೆ ಸಿಕ್ಕಿ ಸ್ವಲ್ಪ ಸ್ವಲ್ಪವಾಗಿ ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಅವನ್ನು ಅಳೆದರೆ ಹಲ್ಲು ಹೂತು ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಬಹುದು. ಈಗಿನ ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಕೆ. ಪದ್ದಯ್ಯ ಅವರು ಅಗೆದ ಕೈಕೊಡಲಿಗಳ ತಾಣಕ್ಕೆ ಸುಮಾರು 12 ಲಕ್ಷ ವರ್ಷ ಎಂದು ಹೇಳಿದ್ದು ಅಲ್ಲಿ ಸಿಕ್ಕ ದನದ ಜಾತಿಯ ಪ್ರಾಣಿಗಳ ಹಲ್ಲುಗಳಿಂದ. ಫೂಟ್ ಮತ್ತು ಕಿಂಗ್ ನಡೆದಾಡಿದ ಅತ್ತಿರಂಪಾಕ್ಕಂಗೆ ಶಾಂತಿ ಪಪ್ಪು ಅವರ ತಂಡ ಬೇರೆ ವಿಧಾನಗಳಿಂದ ಸುಮಾರು 15 ಲಕ್ಷ ವರ್ಷ ಎಂದು 2011ರಲ್ಲಿ ತಿಳಿಸಿತು.

ಫೂಟ್ ಕೊನೆಗಾಲದಲ್ಲಿ ಸೇಲಂ ಬಳಿಯ ಏರ್ಕಾಡು ಬೆಟ್ಟದಲ್ಲಿ ನೆಲೆಸಿದರು. 400ಕ್ಕೂ ಹೆಚ್ಚು ಜಾಗಗಳಿಂದ ಒಂದು ಜೀವಮಾನದಲ್ಲಿ ಹೆಕ್ಕಿದ ಕಲ್ಲು, ಮಡಕೆ ಚೂರುಗಳ ಸಂಗ್ರಹ 1904ರಲ್ಲಿ ಮದ್ರಾಸ್ ವಸ್ತುಸಂಗ್ರಹಾಲಯ ಸೇರಿತು. ಪ್ರತಿಯೊಂದಕ್ಕೂ ಸಂಖ್ಯೆ, ಊರು, ವಿವರ ಬರೆಯುವ ಕೆಲಸವನ್ನು ಅವರೇ ಮಾಡಿದರು. ಆ ಪುಸ್ತಕ ಅಚ್ಚಾಗಿ ಬಂದದ್ದು 1914ರಲ್ಲಿ. ಅದನ್ನು ನೋಡಲು ಅವರು ಇರಲಿಲ್ಲ. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ, 78ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಏರ್ಕಾಡಿನ ಚರ್ಚಿನಲ್ಲಿ ಅವರ ಸ್ಮಾರಕವಿದೆ.

ಬಳ್ಳಾರಿಯಲ್ಲಿ ಈಗ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನಲ್ಲೇ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯ ಇದೆ. ಸಂತೋಷದ ವಿಷಯ. ಆದರೆ ಆ ಕೊಡಲಿಗಳು ಸಿಕ್ಕ ಬೆಟ್ಟಗಳಿಗೇ ಕಲ್ಲು ಗಣಿಗಾರಿಕೆಯ ಪೆಟ್ಟು ಬಿದ್ದಿದೆ. ಸಾವಿರಾರು ವರ್ಷಗಳ ಹಿಂದಿನ ಕಾರ್ಖಾನೆಯೊಂದು ಜಲ್ಲಿಯಾಗಲು ಒಂದು ಸಿಡಿಮದ್ದು ಸಾಕು.

ನನ್ನಂಥ ಓದುಗರಿಗೆ ಹೇಳಬೇಕೆನಿಸಿದ್ದು ಇಲ್ಲಿದೆ. ನಮ್ಮಲ್ಲಿ ಎಷ್ಟೋ ಮಂದಿ ನಾಳೆ ಸೈಟ್ ಎಂಜಿನಿಯರ್ ಆಗುತ್ತೇವೆ, ಗ್ರಾಮ ಪಂಚಾಯಿತಿಯಲ್ಲೋ ಕಂದಾಯ ಇಲಾಖೆಯಲ್ಲೋ ಸೇರುತ್ತೇವೆ. ನಾಲೆ, ರಸ್ತೆ, ಪಾಯ, ಕ್ವಾರಿ, ಕೆರೆ ಹೂಳು, ಎಲ್ಲ ಕಡೆ ನೆಲ ಅಗೆಯುವಾಗ ಅಲ್ಲಿ ನಿಂತಿರುವವರು ನಾವೇ. ಫೂಟ್ ಸುತ್ತಿಗೆಯಿಂದ ಒಂದು ವರ್ಷದಲ್ಲಿ ತೆರೆದಷ್ಟು ಮಣ್ಣನ್ನು ಇಂದಿನ ಜೆಸಿಬಿ ಒಂದು ದಿನದಲ್ಲಿ ತೆರೆಯುತ್ತದೆ. ನದಿ ಬದಿಯ ಮಣ್ಣಿನಲ್ಲಿ ಕಲ್ಲಿನಷ್ಟು ಭಾರದ ಮೂಳೆ, ಏಣುಗಳಿರುವ ದೊಡ್ಡ ಹಲ್ಲು, ಎರಡೂ ಕಡೆ ಚಕ್ಕೆ ಎಬ್ಬಿಸಿದ ಕಲ್ಲು ಕಂಡರೆ ಕಿತ್ತು ಜೇಬಿಗೆ ಹಾಕಿಕೊಳ್ಳಬೇಡಿ. ಇದ್ದಲ್ಲೇ ಫೋಟೊ ತೆಗೆಯಿರಿ. ಊರು, ಆಳ, ಯಾವ ಬಣ್ಣದ ಪದರ ಎಂದು ಬರೆದುಕೊಳ್ಳಿ. ಪುರಾತತ್ವ ಇಲಾಖೆಗೋ ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ತಿಳಿಸಿ. ಜಾಗ ಮತ್ತು ಪದರದ ವಿವರ ಇಲ್ಲದ ಹಲ್ಲು ಬರೀ ಹಲ್ಲು. ವಿವರ ಇದ್ದರೆ ಅದೇ ಹಲ್ಲು ಒಂದು ಯುಗದ ಮಳೆ, ಹುಲ್ಲು, ನದಿಯ ಕಥೆ ಹೇಳುತ್ತದೆ.

ಗೋಕಾಕದ ಆ ಹಳ್ಳದ ಪಕ್ಕ ಅಂದು ಕುದುರೆ ನಿಲ್ಲಿಸಿ ಕೆಳಗೆ ನೋಡದೆ ಹೋಗಿದ್ದರೂ ಫೂಟ್ ಅವರ ಸಂಬಳ ಕಡಿಮೆಯಾಗುತ್ತಿರಲಿಲ್ಲ, ಬಂಡೆಗಳ ನಕ್ಷೆಯೂ ನಿಲ್ಲುತ್ತಿರಲಿಲ್ಲ. ಆದರೆ ಘಟಪ್ರಭೆಯ ದಂಡೆಯಲ್ಲಿ ಘೇಂಡಾಮೃಗವಿತ್ತು ಎಂಬುದು ಮುಂದಿನ ಮಳೆಗಾಲದ ನೀರಿನಲ್ಲಿ ಕೊಚ್ಚಿಹೋಗಿರುತ್ತಿತ್ತು.